ಗಲ್ಲಿಯ ದವಾಖಾನೆ, ವೈದ್ಯರ ಚೀಟಿ: ಮುಂಬಯಿಯ ಸಾಮಾನ್ಯ ವೈದ್ಯವೃತ್ತಿ ಸಂಶೋಧನೆಗೆ ವಸ್ತುವಾದ ಬಗೆ

ಮುಂಬಯಿಯ ಆರೋಗ್ಯದ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಬೈಕುಲಾದ ಜೆ.ಜೆ. ಆಸ್ಪತ್ರೆ, ಪರೇಲಿನ ಕೆ.ಇ.ಎಂ. ಮತ್ತು ಟಾಟಾ ಮೆಮೋರಿಯಲ್, ಶಿವಡಿಯ ಕ್ಷಯರೋಗ ಆಸ್ಪತ್ರೆ ಇಂಥ ದೊಡ್ಡ ಸಂಸ್ಥೆಗಳ ಸುತ್ತಲೇ ತಮ್ಮ ಕಥನವನ್ನು ಕಟ್ಟಿದ್ದಾರೆ. ಆದರೆ ಜ್ವರವೋ ಕೆಮ್ಮೋ ಬಂದಾಗ ಈ ನಗರದ ದುಡಿಯುವ ಜನ ಮೊದಲು ಹತ್ತುವ ಮೆಟ್ಟಿಲು ಆ ಆಸ್ಪತ್ರೆಗಳದ್ದಲ್ಲ. ಚಾಳಿನ ನೆಲಮಹಡಿಯಲ್ಲೋ ಝೋಪಡಪಟ್ಟಿಯ ಗಲ್ಲಿಯ ಮೂಲೆಯಲ್ಲೋ ಇರುವ, ಒಂದು ಮೇಜು, ಒಂದು ಬೆಂಚು ಮತ್ತು ಪರದೆಯ ಹಿಂದೆ ಒಂದು ಮಂಚ ಹಿಡಿಸುವಷ್ಟೇ ಜಾಗವುಳ್ಳ ಖಾಸಗಿ ದವಾಖಾನೆಯದ್ದು. ವಯಸ್ಸು, ಲಿಂಗ, ಕಾಯಿಲೆಗಳ ಭೇದವಿಲ್ಲದೆ ಬಂದವರನ್ನೆಲ್ಲ ನೋಡಿ, ತನ್ನಿಂದ ಆಗುವುದನ್ನು ತಾನೇ ವಾಸಿಮಾಡಿ, ಆಗದ್ದನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಈ ಕಸುಬನ್ನು ಸಾಮಾನ್ಯ ವೈದ್ಯವೃತ್ತಿ ಎನ್ನುತ್ತಾರೆ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ನಗರದ ಆರೋಗ್ಯವನ್ನು ಹೊತ್ತ ಈ ಕಸುಬು ಏನನ್ನು ಪತ್ತೆಹಚ್ಚುತ್ತದೆ, ಚೀಟಿಯಲ್ಲಿ ಏನನ್ನು ಬರೆಯುತ್ತದೆ, ಆ ಚೀಟಿಯಿಂದ ರೋಗಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ವಿದ್ವತ್ತಿನ ಲೋಕ ಬಹಳ ತಡವಾಗಿ ಕೇಳಿತು. ಕೇಳಿದಾಗ ಸಿಕ್ಕ ಉತ್ತರಗಳು ವೈದ್ಯರೊಬ್ಬರ ತಪ್ಪನ್ನಲ್ಲ, ಅವರನ್ನು ಲೆಕ್ಕದಿಂದ ಹೊರಗಿಟ್ಟ ವ್ಯವಸ್ಥೆಯ ತಪ್ಪನ್ನು ತೋರಿಸಿದವು.

ಪಾಶ್ಚಾತ್ಯ ವೈದ್ಯವನ್ನು ಕಲಿತ ಭಾರತೀಯರ ಖಾಸಗಿ ವೃತ್ತಿ ಈ ನಗರದಲ್ಲಿ ನೆಲೆಯೂರಿದ್ದು 1845ರಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜು ಸ್ಥಾಪನೆಯಾದ ಮೇಲೆ. ಅದರ ಮೊದಲ ತಂಡದ ಪದವೀಧರರು 1851ರಲ್ಲಿ ಹೊರಬಂದರು. ಅವರಲ್ಲಿ ಗೋವೆಯ ಮೂಲದ ಭಾವು ದಾಜಿ ಲಾಡ್ ಒಬ್ಬರು. ಇಂದು ಬೈಕುಲಾದ ವಸ್ತುಸಂಗ್ರಹಾಲಯಕ್ಕೆ ಅವರ ಹೆಸರಿದೆ, ಪುರಾತತ್ತ್ವ ಮತ್ತು ಶಾಸನಗಳ ವಿದ್ವಾಂಸರೆಂದು ಅವರನ್ನು ನೆನೆಯುವವರೂ ಇದ್ದಾರೆ. ಆದರೆ ಅವರ ಅನ್ನದ ಕಸುಬು ವೈದ್ಯವೃತ್ತಿಯಾಗಿತ್ತು, ಮತ್ತು ತಮ್ಮ ಸೋದರ ನಾರಾಯಣ ದಾಜಿಯವರೊಡನೆ ಬಡವರಿಗಾಗಿ ಧರ್ಮಾರ್ಥ ದವಾಖಾನೆಯನ್ನು ನಡೆಸುತ್ತಲೇ ಅವರು ಕುಷ್ಠರೋಗದ ಚಿಕಿತ್ಸೆಯ ಬಗ್ಗೆ ದೀರ್ಘಕಾಲ ಪರಿಶೀಲನೆ ನಡೆಸಿ, ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಚಾಲ್ಮೋಗ್ರಾ ಜಾತಿಯ ಮರದ ಬೀಜದ ಎಣ್ಣೆಯನ್ನು ರೋಗಿಗಳ ಮೇಲೆ ಪ್ರಯೋಗಿಸಿದರು. ಇಂದಿನ ಅರ್ಥದಲ್ಲಿ ಅದನ್ನು ಪ್ರಮಾಣಿತ ಸಂಶೋಧನೆ ಎನ್ನಲಾಗದು. ಚಿಕಿತ್ಸೆ ಪಡೆದವರನ್ನು ಪಡೆಯದವರೊಡನೆ ಹೋಲಿಸಿ ನೋಡುವ ಕ್ರಮ ಆಗಿನ್ನೂ ವಾಡಿಕೆಗೆ ಬಂದಿರಲಿಲ್ಲ. ಆದರೂ ದವಾಖಾನೆ ನಡೆಸುವ ವೈದ್ಯನೇ ಅದರೊಳಗಿನಿಂದ ಒಂದು ಪ್ರಶ್ನೆಯನ್ನು ಎತ್ತಿಕೊಂಡದ್ದು ಗಮನಿಸಬೇಕಾದ ಸಂಗತಿ, ಏಕೆಂದರೆ ಮುಂದಿನ ನೂರು ವರ್ಷಗಳಲ್ಲಿ ಈ ಪರಂಪರೆ ಬೆಳೆಯಲಿಲ್ಲ.

ಆ ಕಾಲದಿಂದ ಇಪ್ಪತ್ತನೆಯ ಶತಮಾನದ ಬಹುಭಾಗದವರೆಗೂ ದವಾಖಾನೆಯ ಔಷಧವೆಂದರೆ ಮುಖ್ಯವಾಗಿ ಮಿಕ್ಸ್ಚರ್. ವೈದ್ಯರು ಹೇಳಿದ್ದನ್ನು ಕಾಂಪೌಂಡರ್ ಬೆರೆಸಿ, ರೋಗಿಯೇ ಮನೆಯಿಂದ ತಂದ ಬಾಟಲಿಗೆ ಸುರಿದು, ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂಬುದು ಓದುಬಾರದವರಿಗೂ ತಿಳಿಯಲೆಂದು ಅಂಚಿನಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಬಾಟಲಿಯ ಹೊರಮೈಗೆ ಅಂಟಿಸುತ್ತಿದ್ದನು. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಔಷಧ ಇಳಿದರೆ ಒಂದು ಹೊತ್ತು ಮುಗಿದಂತೆ. ರೋಗಿಯ ಪಾಲಿಗೆ ಸುಲಭವಾಗಿದ್ದ ಈ ಪದ್ಧತಿಯಲ್ಲಿ ಲಿಖಿತ ಚೀಟಿ ಎಂಬುದೇ ಇರಲಿಲ್ಲ. ಬಾಟಲಿಯಲ್ಲಿ ಏನಿದೆಯೆಂಬುದು ವೈದ್ಯರಿಗೆ ಮತ್ತು ಕಾಂಪೌಂಡರನಿಗೆ ಮಾತ್ರ ಗೊತ್ತಿರುತ್ತಿತ್ತು. ದವಾಖಾನೆಯ ಚಿಕಿತ್ಸೆ ಬಹುಕಾಲ ಯಾವ ಅಧ್ಯಯನಕ್ಕೂ ಸಿಗದೆ ಉಳಿದುದಕ್ಕೆ ಇದೂ ಒಂದು ಕಾರಣ.

ಸಾಮಾನ್ಯ ವೈದ್ಯನ ಕಣ್ಣು ನಗರಕ್ಕೆ ಎಷ್ಟು ಅಗತ್ಯ ಎಂಬುದನ್ನು 1896ರ ಪ್ಲೇಗು ತೋರಿಸಿತು. ಬಂದರಿಗೆ ಅಂಟಿಕೊಂಡ, ಧಾನ್ಯದ ಗೋದಾಮುಗಳಿಂದ ಕಿಕ್ಕಿರಿದ ಮಾಂಡವಿಯಲ್ಲಿ ವೃತ್ತಿ ನಡೆಸುತ್ತಿದ್ದ ಗೋವೆಯ ಮೂಲದ ಡಾ. ಅಕಾಸಿಯೊ ಗೇಬ್ರಿಯಲ್ ವೀಗಸ್ ಅವರು ಆ ವರ್ಷದ ಸೆಪ್ಟೆಂಬರಿನಲ್ಲಿ, ಜ್ವರದೊಡನೆ ಗಂಟು ಕಟ್ಟಿಕೊಂಡಿದ್ದ ರೋಗಿಯನ್ನು ನೋಡಿ ಇದು ಗಡ್ಡೆ ಪ್ಲೇಗು ಎಂದು ಗುರುತಿಸಿದರು. ಖಾಸಗಿ ವೈದ್ಯರೊಬ್ಬರು ತಮ್ಮ ವಾರ್ಡಿನ ರೋಗಿಗಳ ನಡುವೆ ಕಂಡುಹಿಡಿದದ್ದನ್ನು ಅನುಸರಿಸಿ ಇಡೀ ಸಾಮ್ರಾಜ್ಯದ ಆಡಳಿತ ಎಚ್ಚರಗೊಂಡಿತು. 1897ರ ಜನವರಿ 10ರಂದು ಬ್ಯಾಕ್ಟೀರಿಯಾ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಅವರು ಗ್ರಾಂಟ್ ಮೆಡಿಕಲ್ ಕಾಲೇಜಿನ ಪ್ರಯೋಗಾಲಯದಲ್ಲಿ ತಯಾರಿಸಿದ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡು, ಅದೇ ತಿಂಗಳು ಬೈಕುಲಾ ಜೈಲಿನ ಕೈದಿಗಳಲ್ಲಿ ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದರು.

ಆದರೆ ಸರ್ಕಾರ ಕೈಗೊಂಡ ತಪಾಸಣೆಯ ರೀತಿ ಬೇರೆಯಾಗಿತ್ತು. ರೋಗಲಕ್ಷಣವನ್ನು ಹೇಳಿಕೊಂಡು ತಾನಾಗಿ ಬಾರದ ಜನರಲ್ಲಿಯೂ ರೋಗವನ್ನು ಹುಡುಕುವುದನ್ನು ವೈದ್ಯಶಾಸ್ತ್ರದಲ್ಲಿ ಸಾಮೂಹಿಕ ತಪಾಸಣೆ ಎನ್ನುತ್ತಾರೆ. 1897ರ ಫೆಬ್ರವರಿಯ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಮನೆಮನೆಗೆ ನುಗ್ಗಿ ಹುಡುಕುವುದು, ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು, ಹೆಂಗಸರನ್ನೂ ಬಿಡದೆ, ನಿಲ್ಲಿಸಿ ಮುಟ್ಟಿ ಪರೀಕ್ಷಿಸುವುದು ನಡೆದಾಗ ಜನ ರೋಗಿಗಳನ್ನು ಅಡಗಿಸಿಟ್ಟರು, ಊರು ಬಿಟ್ಟು ಓಡಿದರು. ನಂಬಿದ ವೈದ್ಯನ ಮುಂದೆ ತಾನಾಗಿ ಕೈಚಾಚುತ್ತಿದ್ದ ರೋಗಿ ಅಧಿಕಾರಿಯ ಮುಂದೆ ಕೈ ಮುಚ್ಚಿಕೊಂಡ ಈ ಅನುಭವದಿಂದ ಆಡಳಿತ ಕಲಿತದ್ದು ಕಡಿಮೆ.

ಮುಂದಿನ ದಶಕಗಳಲ್ಲಿ ವೃತ್ತಿಗೆ ಕಾನೂನಿನ ಚೌಕಟ್ಟು ಬಂತು. 1912ರ ಬಾಂಬೆ ಮೆಡಿಕಲ್ ಕಾಯಿದೆ ಪಾಶ್ಚಾತ್ಯ ಪದ್ಧತಿಯ ವೈದ್ಯರ ನೋಂದಣಿಯನ್ನು ಆರಂಭಿಸಿತು. 1938ರ ಇನ್ನೊಂದು ಕಾಯಿದೆ ವೈದ್ಯ ಮತ್ತು ಹಕೀಮರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿತು. ಹೀಗೆ ನಗರದಲ್ಲಿ ಆಯುರ್ವೇದ, ಯುನಾನಿ, ಹೋಮಿಯೋಪತಿ ಮತ್ತು ಅಲೋಪತಿಯ ಪದವೀಧರರು ಒಂದೇ ಗಲ್ಲಿಯಲ್ಲಿ ಪಕ್ಕಪಕ್ಕದಲ್ಲಿ ಕುಳಿತರು. ಆದರೆ ಬಡ ಬಡಾವಣೆಗಳಲ್ಲಿ ಎಂ.ಬಿ.ಬಿ.ಎಸ್. ಪದವೀಧರರು ವಿರಳವಾದ ಕಾರಣ ಉಳಿದವರೂ ಕ್ರಮೇಣ ಅಲೋಪತಿಯ ಮಾತ್ರೆ ಮತ್ತು ಇಂಜೆಕ್ಷನ್‌ಗಳನ್ನೇ ಕೊಡತೊಡಗಿದರು. ಹೋಮಿಯೋಪತಿ ಪದವೀಧರರೊಬ್ಬರು ಮುಂಬಯಿಯ ರೋಗಿಯೊಬ್ಬರಿಗೆ ಅಲೋಪತಿ ಔಷಧ ಕೊಟ್ಟು, ರೋಗಿ ತೀರಿಕೊಂಡ ಪ್ರಕರಣದಲ್ಲಿ, ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯವೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತಿತು. 2014ರಲ್ಲಿ ಮಹಾರಾಷ್ಟ್ರ ಶಾಸನಸಭೆ ಔಷಧಶಾಸ್ತ್ರದ ಕೋರ್ಸು ಮುಗಿಸಿದ ಹೋಮಿಯೋಪತಿ ವೈದ್ಯರಿಗೆ ಅಲೋಪತಿ ಔಷಧ ಬರೆಯಲು ಅವಕಾಶ ಕೊಟ್ಟು ಕಾಯಿದೆಗೆ ತಿದ್ದುಪಡಿ ತಂದಿತು. ಎರಡು ಹೆಜ್ಜೆಗಳ ನಡುವಿನ ವಿರೋಧ ನಗರದ ನಿಜಸ್ಥಿತಿಯಲ್ಲೇ ಅಡಗಿತ್ತು.

ಸಾಮಾನ್ಯ ವೈದ್ಯವೃತ್ತಿಯ ಚೀಟಿಯನ್ನು ಕೊನೆಗೂ ಸಂಶೋಧನೆಯ ಮೇಜಿಗೆ ತಂದದ್ದು ಕ್ಷಯ. ಅದಕ್ಕೆ ಹಿನ್ನೆಲೆಯಾಗಿ ದಕ್ಷಿಣದ ಎರಡು ನಗರಗಳ ಕೆಲಸವನ್ನು ನೋಡಬೇಕು. ಮದರಾಸಿನಲ್ಲಿ 1956ರಲ್ಲಿ ಆರಂಭವಾಗಿ 1959ರಲ್ಲಿ ಪ್ರಕಟವಾದ ಅಧ್ಯಯನವು, ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಎಂಬ ಎರಡು ಔಷಧಗಳನ್ನು ಒಂದು ವರ್ಷ ಕೊಟ್ಟರೆ ಸ್ಯಾನಟೋರಿಯಂನಲ್ಲಿ ಮಲಗಿದವರಷ್ಟೇ ಚೆನ್ನಾಗಿ ಮನೆಯಲ್ಲಿದ್ದವರೂ ಗುಣವಾಗುತ್ತಾರೆಂದು ತೋರಿಸಿತು; ಅಲ್ಲಿಂದ ಕ್ಷಯವು ಆಸ್ಪತ್ರೆಯ ಹಾಸಿಗೆಯಿಂದ ಇಳಿದು ಮನೆ ಮತ್ತು ದವಾಖಾನೆಗಳ ಕಾಯಿಲೆಯಾಯಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪರವಾಗಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ರೋಗವಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಪರಿಹಾರ ಹುಡುಕಿಕೊಂಡು ಚಿಕಿತ್ಸಾಲಯಕ್ಕೆ ಹೋಗಿದ್ದರೆಂದೂ, ಅಲ್ಲಿ ಕಫ ಪರೀಕ್ಷೆಯಾಗದೆ ಕೆಮ್ಮಿನ ಮಿಕ್ಸ್ಚರಿನ ಬಾಟಲಿಯೊಡನೆ ಮರಳುತ್ತಿದ್ದರೆಂದೂ ತಿಳಿದುಬಂತು. ಜನರಲ್ಲಿ ಅರಿವಿಲ್ಲ ಎಂಬ ಹಳೆಯ ದೂರನ್ನು ಕನ್ನಡ ನಾಡಿನ ಹಳ್ಳಿಗಾಡಿನಲ್ಲಿ ನಡೆದ ಈ ಅಧ್ಯಯನ 1963ರಷ್ಟು ಹಿಂದೆಯೇ ತಳ್ಳಿಹಾಕಿತ್ತು. ರೋಗಿ ಬಾಗಿಲಿಗೆ ಬಂದಿದ್ದಾನೆ, ಬಾಗಿಲಲ್ಲಿರುವವರು ಗುರುತಿಸಬೇಕು. ಇದರ ಆಧಾರದ ಮೇಲೆ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಸರ್ಕಾರಿ ಬಾಗಿಲುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. ಮುಂಬಯಿಯಂಥ ನಗರದಲ್ಲಿ ಮೊದಲ ಬಾಗಿಲು ಖಾಸಗಿಯಾಗಿತ್ತು.

ಈ ಕೊರತೆಯನ್ನು ಎದುರುಹಾಕಿಕೊಂಡದ್ದು ಜೆ.ಜೆ. ಆಸ್ಪತ್ರೆಯಲ್ಲಿ ಕುಷ್ಠರೋಗಿಗಳ ಅಂಗವೈಕಲ್ಯಕ್ಕೆ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆ ಮಾಡಿ ಹೆಸರಾಗಿದ್ದ ಡಾ. ಎನ್.ಎಚ್. ಅಂತಿಯಾ ಅವರು 1975ರಲ್ಲಿ ಸ್ಥಾಪಿಸಿದ ಸಮುದಾಯ ಆರೋಗ್ಯ ಸಂಶೋಧನಾ ಪ್ರತಿಷ್ಠಾನ. ಅಲ್ಲಿನ ಡಾ. ಮುಕುಂದ ಉಪ್ಲೇಕರ್ ಅವರು ಡೊನಾಲ್ಡ್ ಶೆಪರ್ಡ್ ಅವರೊಡನೆ ಧಾರಾವಿಯ ಖಾಸಗಿ ವೈದ್ಯರ ನಡುವೆ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನ ಭಾರತದ ಸಾಮಾನ್ಯ ವೈದ್ಯವೃತ್ತಿಯ ಸಂಶೋಧನೆಯಲ್ಲಿ ಒಂದು ಗಡಿಗಲ್ಲು. ಎರಡು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು ಜಾಗದಲ್ಲಿ ಚರ್ಮ ಹದಮಾಡುವವರು, ಕುಂಬಾರರು, ಹೊಲಿಗೆಯವರು, ತಮಿಳುನಾಡು, ಗುಜರಾತ್, ಉತ್ತರ ಪ್ರದೇಶಗಳಿಂದಲೂ ಕರ್ನಾಟಕದಿಂದಲೂ ದುಡಿಯಲು ಬಂದ ಕುಟುಂಬಗಳು ಒತ್ತೊತ್ತಾಗಿ ಬದುಕುವ ಧಾರಾವಿಯಲ್ಲಿ ಗಾಳಿ ಬೆಳಕಿಲ್ಲದ ಕೋಣೆಗಳು ಕ್ಷಯಕ್ಕೆ ಹೇಳಿಮಾಡಿಸಿದಂತಿದ್ದವು.

ಅಧ್ಯಯನದ ವಿಧಾನ ಸರಳವಾಗಿತ್ತು. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಇರುವ ರೋಗಿ ಬಂದರೆ ಯಾವ ಔಷಧ, ಯಾವ ಪ್ರಮಾಣ, ಎಷ್ಟು ಕಾಲ ಕೊಡುತ್ತೀರಿ ಎಂದು ಕೇಳಿ ಉತ್ತರವನ್ನು ಬರೆಯಿಸಿಕೊಳ್ಳುವುದು. ಆ ಹೊತ್ತಿಗೆ ಕ್ಷಯದ ಚಿಕಿತ್ಸೆ ಇಡೀ ಜಗತ್ತಿನಲ್ಲಿ ಬಹುಮಟ್ಟಿಗೆ ಏಕರೂಪಕ್ಕೆ ಬಂದಿತ್ತು: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್‌ಗಳೊಡನೆ ಎಥಾಂಬುಟಾಲ್ ಅಥವಾ ಸ್ಟ್ರೆಪ್ಟೋಮೈಸಿನ್ ಸೇರಿಸಿ ಎರಡು ತಿಂಗಳು, ಅನಂತರ ಮೊದಲಿನ ಎರಡನ್ನು ಮಾತ್ರ ನಾಲ್ಕು ತಿಂಗಳು. ಒಂದೇ ಔಷಧವನ್ನು ಕೊಟ್ಟರೆ ಅದಕ್ಕೆ ಬಗ್ಗದ ಕೆಲವು ಬ್ಯಾಕ್ಟೀರಿಯಾಗಳು ಉಳಿದು ಹೆಚ್ಚುತ್ತವೆ. ಹಲವನ್ನು ಒಟ್ಟಿಗೆ, ದೇಹದ ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ಅವಧಿ ಮುಗಿಯುವವರೆಗೆ ಬಿಡದೆ ಕೊಟ್ಟರೆ ಮಾತ್ರ ಯಾವುದೂ ಉಳಿಯದು ಎಂಬುದು ಇದರ ಹಿಂದಿನ ತತ್ತ್ವ. ಹೀಗಿದ್ದೂ ಧಾರಾವಿಯ 100 ವೈದ್ಯರು ಬರೆದ ಚೀಟಿಗಳಲ್ಲಿ 80 ಬಗೆಯ ಚಿಕಿತ್ಸಾಕ್ರಮಗಳು ಕಂಡವು. ಅವುಗಳಲ್ಲಿ ಹೆಚ್ಚಿನವು ಸರಿಯಾದವಲ್ಲ, ಅಗತ್ಯಕ್ಕಿಂತ ದುಬಾರಿಯೂ ಹೌದು.

ಈ ಅಂಕಿಗಳನ್ನು ಓದಿ ವೈದ್ಯರನ್ನು ಹಳಿಯುವುದು ಸುಲಭ, ಆದರೆ ಅದು ಅರ್ಧ ಓದು. ಆ ವೈದ್ಯರು ಪದವಿ ಪಡೆದು ಹೊರಬಿದ್ದ ಮೇಲೆ ಹೊಸ ಔಷಧದ ಬಗ್ಗೆ ಅವರಿಗೆ ತಿಳಿಸಿಕೊಡಲು ಬರುತ್ತಿದ್ದವರು ಬಹುಮಟ್ಟಿಗೆ ಔಷಧ ಕಂಪನಿಯ ಪ್ರತಿನಿಧಿಗಳೇ. ಸರ್ಕಾರದ ಕ್ಷಯ ಕಾರ್ಯಕ್ರಮಕ್ಕೆ ತನ್ನ ನಿಯಮಗಳನ್ನು ಅವರಿಗೆ ತಲುಪಿಸುವ ಹೊಣೆಯೇ ಇರಲಿಲ್ಲ. ದಿನಗೂಲಿಯ ರೋಗಿ ಆರು ತಿಂಗಳ ಔಷಧಕ್ಕೆ ಒಮ್ಮೆಗೇ ಹಣ ತರಲಾರ, ಮೂರು ದಿನದ್ದನ್ನು ಕೇಳುತ್ತಾನೆ. ಕೆಮ್ಮು ಇಳಿದ ಕೂಡಲೆ ಬರುವುದನ್ನು ನಿಲ್ಲಿಸುತ್ತಾನೆ. ಕಫ ಪರೀಕ್ಷೆಗೆ ಪಾಲಿಕೆಯ ಕೇಂದ್ರಕ್ಕೆ ಕಳುಹಿಸಿದರೆ ಆ ರೋಗಿ ಮತ್ತೆ ತನ್ನ ಬಳಿಗೆ ಬಾರನೆಂಬ ಆತಂಕದಿಂದ ವೈದ್ಯರು ಹತ್ತಿರದಲ್ಲೇ ಸಿಗುವ ಎಕ್ಸ್-ರೇಯನ್ನು ನೆಚ್ಚುತ್ತಾರೆ, ಆದರೆ ಎಕ್ಸ್-ರೇ ಶ್ವಾಸಕೋಶದ ಕಲೆಯನ್ನು ತೋರಿಸುತ್ತದೆಯೇ ಹೊರತು ಬ್ಯಾಕ್ಟೀರಿಯಾವನ್ನಲ್ಲ. ಉಪ್ಲೇಕರ್ ಅವರು ಈ ಕೆಲಸದಿಂದ ಎತ್ತಿದ ತೀರ್ಮಾನವೂ ವೈದ್ಯರನ್ನು ದೂರವಿಡಬೇಕೆಂದಲ್ಲ, ಒಳಗೆ ತರಬೇಕೆಂದೇ ಆಗಿತ್ತು. ಮುಂದೆ ಅವರು ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಇದೇ ವಿಚಾರವನ್ನು ಹಲವು ದೇಶಗಳ ನೀತಿಯಾಗಿಸಲು ದುಡಿದರು.

ಮುಂಬಯಿಯಲ್ಲಿ ಮಾತ್ರ ಆ ತೀರ್ಮಾನ ಕಾರ್ಯರೂಪಕ್ಕೆ ಬರಲು ಇಪ್ಪತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು. 1993ರಲ್ಲಿ ಪರಿಷ್ಕೃತ ಕ್ಷಯ ಕಾರ್ಯಕ್ರಮವನ್ನು ಪ್ರಾಯೋಗಿಕವಾಗಿ ಆರಂಭಿಸಿದ ಕೆಲವೇ ಸ್ಥಳಗಳಲ್ಲಿ ಈ ನಗರವೂ ಒಂದು. ಆರೋಗ್ಯ ಕಾರ್ಯಕರ್ತರ ಕಣ್ಣೆದುರಿನಲ್ಲೇ ರೋಗಿ ಮಾತ್ರೆ ನುಂಗುವ ಡಾಟ್ಸ್ ಕ್ರಮ ಅದರ ಬೆನ್ನೆಲುಬು. ಪಾಲಿಕೆಯ ಕೇಂದ್ರಗಳಲ್ಲಿ ಚಿಕಿತ್ಸೆ ಸುಧಾರಿಸಿತು, ಖಾಸಗಿ ದವಾಖಾನೆ ಮೊದಲಿನಂತೆಯೇ ಹೊರಗುಳಿಯಿತು.

ಇದೇ ಕಾಲದಲ್ಲಿ ನಗರದ ಇನ್ನೊಂದು ಸಂಶೋಧನೆ ತಪಾಸಣೆಯ ಪ್ರಶ್ನೆಯನ್ನು ಬೇರೆ ದಾರಿಯಿಂದ ಹಿಡಿಯಿತು. ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಮುಂಬಯಿಯ ಬಡ ಬಡಾವಣೆಗಳ 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ ಆರಂಭಿಸಿದ ಈ ಅಧ್ಯಯನದಲ್ಲಿ ವೈದ್ಯರಲ್ಲ, ಹತ್ತನೆಯ ತರಗತಿ ಓದಿ ಕೆಲವು ವಾರಗಳ ತರಬೇತಿ ಪಡೆದ ಮಹಿಳಾ ಕಾರ್ಯಕರ್ತೆಯರು ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲವನ್ನು ಸವರಿ, ಬಿಳುಪು ತಿರುಗುವ ಭಾಗವನ್ನು ಬರಿಗಣ್ಣಿನಿಂದ ಗುರುತಿಸಿದರು. ಸ್ತನಗಳನ್ನೂ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಹನ್ನೆರಡು ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ತಪಾಸಣೆಯಾದ ಗುಂಪಿನಲ್ಲಿ 31 ಪ್ರತಿಶತ ಕಡಿಮೆಯಾದುದನ್ನು ಡಾ. ಸುರೇಂದ್ರ ಶಾಸ್ತ್ರಿ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಪಡಿಸಿದರು. ಸ್ತನ ತಪಾಸಣೆಯ ಫಲಿತಾಂಶ 2021ರಲ್ಲಿ ಬಂತು: ಎಲ್ಲ ವಯಸ್ಸಿನವರನ್ನು ಒಟ್ಟಾಗಿ ನೋಡಿದಾಗ ಇಳಿಕೆ ಖಚಿತವೆನ್ನುವಷ್ಟಿರಲಿಲ್ಲ, 50 ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ಮಾತ್ರ ಸಾವು ಸುಮಾರು 30 ಪ್ರತಿಶತ ಕಡಿಮೆಯಾಗಿತ್ತು. ಹೋಲಿಕೆಯ ಗುಂಪಿನ ಮಹಿಳೆಯರಿಗೆ ಇಷ್ಟು ವರ್ಷ ತಪಾಸಣೆ ಮಾಡದೆ ಬಿಟ್ಟದ್ದು ನ್ಯಾಯವೇ ಎಂಬ ತೀವ್ರ ಆಕ್ಷೇಪವೂ ಬಂತು. ಆ ಆಕ್ಷೇಪದಲ್ಲಿ ತಿರುಳಿದೆ. ಆದರೂ ಕಡಿಮೆ ಖರ್ಚಿನ ತಪಾಸಣೆ ಬಡ ಬಡಾವಣೆಯಲ್ಲಿ ಜೀವ ಉಳಿಸಬಲ್ಲದೆಂದು ಜಗತ್ತಿಗೆ ತೋರಿಸಿದ್ದು ಈ ಮಹಿಳೆಯರ ಪಾಲ್ಗೊಳ್ಳುವಿಕೆಯೇ.

ಕ್ಷಯದ ಚೀಟಿಗೆ ಮರಳಿದರೆ, ಮಾಹಿಮಿನ ಹಿಂದುಜಾ ಆಸ್ಪತ್ರೆಯ ಡಾ. ಝರೀರ್ ಉದ್ವಾಡಿಯಾ ಅವರು ಉಪ್ಲೇಕರ್ ಅವರನ್ನೂ ಜೊತೆಗೂಡಿಸಿಕೊಂಡು ಅದೇ ಧಾರಾವಿಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 106 ವೈದ್ಯರು 63 ಬಗೆಯ ಕ್ರಮಗಳನ್ನು ಬರೆದಿದ್ದರು. ಸರಿಯಾದ ಚೀಟಿ ಬರೆದವರು 6 ಮಂದಿ. ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಬಹುಔಷಧ ನಿರೋಧಕ ಕ್ಷಯಕ್ಕೆ ಸೂಕ್ತ ಚೀಟಿ ಬರೆದವರು ಕೇವಲ 3. ಸುಮಾರು ಎರಡು ದಶಕಗಳಲ್ಲಿ ಏನಾದರೂ ಬದಲಾಗಿದೆಯೇ ಎಂಬ ಆ ಲೇಖನದ ಪ್ರಶ್ನೆಗೆ ಅಂಕಿಗಳೇ ಉತ್ತರ ಹೇಳಿದವು.

ಅದರ ಪರಿಣಾಮವೇನೆಂಬುದು ಬೇಗನೆ ಕಂಡಿತು. ಉದ್ವಾಡಿಯಾ ಮತ್ತು ಸಂಗಡಿಗರು ಪರೀಕ್ಷಿಸಿದ ಯಾವ ಔಷಧಕ್ಕೂ ಬಗ್ಗದ ಕ್ಷಯವುಳ್ಳ ನಾಲ್ವರು ರೋಗಿಗಳ ವಿವರ ಹೊರಬಂದು, 2012ರ ಜನವರಿಯಲ್ಲಿ ಸುದ್ದಿ ಲೋಕವನ್ನೆಲ್ಲ ಮುಟ್ಟಿತು. ಅವರಲ್ಲಿ ಮೂವರು ಹದಿನೆಂಟು ತಿಂಗಳ ಅವಧಿಯಲ್ಲಿ ಸರಾಸರಿ ನಾಲ್ವರು ಖಾಸಗಿ ವೈದ್ಯರನ್ನು ಕಂಡಿದ್ದರು. ಪ್ರತಿಯೊಬ್ಬರೂ ಒಂದೊಂದೇ ಹೊಸ ಔಷಧವನ್ನು, ಅನೇಕ ಸಲ ತಪ್ಪು ಪ್ರಮಾಣದಲ್ಲಿ, ಸೇರಿಸುತ್ತ ಹೋಗಿದ್ದರು. ಆ ರೋಗಕ್ಕೆ ಅವರು ಇಟ್ಟ ‘ಸಂಪೂರ್ಣ ಔಷಧ ನಿರೋಧಕ ಕ್ಷಯ’ ಎಂಬ ಹೆಸರನ್ನು ಸರ್ಕಾರ ಒಪ್ಪಲಿಲ್ಲ, ಆದರೆ ವಿಷಯವನ್ನು ಕಡೆಗಣಿಸಲೂ ಆಗಲಿಲ್ಲ. 2012ರ ಮೇ ತಿಂಗಳಲ್ಲಿ ಕ್ಷಯದ ಪ್ರತಿಯೊಂದು ಪ್ರಕರಣವನ್ನೂ ಖಾಸಗಿಯವರೂ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯವಾಯಿತು. ಜೂನ್‌ನಲ್ಲಿ, ದವಾಖಾನೆಗಳಲ್ಲಿ ಬಹಳ ಬಳಕೆಯಲ್ಲಿದ್ದು ನಂಬಲರ್ಹವಲ್ಲದ ಕ್ಷಯದ ರಕ್ತಪರೀಕ್ಷೆಗಳು ನಿಷೇಧವಾದವು. 2014ರ ಮಾರ್ಚಿನಿಂದ ಕ್ಷಯದ ಔಷಧಗಳನ್ನು ಮಾರುವ ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ದಾಖಲೆಯಲ್ಲಿ ಬರೆದಿಡಬೇಕಾಯಿತು.

ಕಾಗದದ ಮೇಲೆ ಬರೆಯಿಸಿಕೊಂಡ ಚೀಟಿ ವೈದ್ಯರ ಅರಿವನ್ನು ತೋರಿಸುತ್ತದೆ, ನಡವಳಿಕೆಯನ್ನಲ್ಲ. ಅದನ್ನು ನೋಡಲು ತರಬೇತಿ ಪಡೆದ ಜನ ರೋಗಿಗಳ ವೇಷದಲ್ಲಿ ದವಾಖಾನೆಗೆ ಹೋಗಿ, ನಿಗದಿಯಾದ ಲಕ್ಷಣಗಳನ್ನು ಹೇಳಿ, ವೈದ್ಯರು ಕೇಳಿದ್ದು, ಮಾಡಿದ್ದು, ಕೊಟ್ಟಿದ್ದನ್ನು ಹೊರಬಂದ ಕೂಡಲೆ ದಾಖಲಿಸುವ ವಿಧಾನವನ್ನು ಮುಂಬಯಿ ಮತ್ತು ಪಟ್ನಾಗಳಲ್ಲಿ 2014–15ರಲ್ಲಿ ಬಳಸಲಾಯಿತು. ಎರಡೂ ನಗರಗಳ ಸುಮಾರು 2,600 ಭೇಟಿಗಳಲ್ಲಿ ಸರಿಯಾದ ದಾರಿ ಹಿಡಿದದ್ದು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಎಂ.ಬಿ.ಬಿ.ಎಸ್. ಪದವೀಧರರು ಉಳಿದವರಿಗಿಂತ ಮೇಲಿದ್ದರು. ಔಷಧ ಅಂಗಡಿಗಳಲ್ಲಿ ನಡೆಸಿ 2016ರಲ್ಲಿ ಪ್ರಕಟವಾದ ಇಂಥದೇ ಅಧ್ಯಯನ ಮುಂಬಯಿ, ದೆಹಲಿ, ಪಟ್ನಾಗಳ 622 ಅಂಗಡಿಗಳನ್ನು ನೋಡಿತು: ಕೆಮ್ಮು, ಜ್ವರ ಎಂದಷ್ಟೇ ಹೇಳಿದವರನ್ನು ಸರಿಯಾಗಿ ವೈದ್ಯರ ಬಳಿಗೆ ಕಳುಹಿಸಿದ್ದು 13 ಪ್ರತಿಶತ ಭೇಟಿಗಳಲ್ಲಿ, ಕ್ಷಯವೆಂದು ತಿಳಿಸುವ ಪರೀಕ್ಷೆಯ ವರದಿ ತೋರಿಸಿದವರನ್ನು 62 ಪ್ರತಿಶತ ಭೇಟಿಗಳಲ್ಲಿ. ಕ್ಷಯದ ಮೊದಲ ಸಾಲಿನ ಔಷಧವನ್ನು ಯಾವ ಅಂಗಡಿಯೂ ಕೊಡಲಿಲ್ಲ. ಪರೀಕ್ಷೆಯ ವರದಿ ಕೈಯಲ್ಲಿದ್ದರೆ ನಡವಳಿಕೆಯೇ ಬದಲಾಗುತ್ತದೆ ಎಂಬುದು ಈ ಕೆಲಸದ ಬಹು ಮುಖ್ಯ ಕಾಣಿಕೆ.

ಅದೇ ಕಾಲದಲ್ಲಿ, 2014ರಿಂದ 2017ರವರೆಗೆ, ಪಾಲಿಕೆ ಮತ್ತು ಪಾಥ್ ಎಂಬ ಸರ್ಕಾರೇತರ ಆರೋಗ್ಯ ಸಂಸ್ಥೆ ಕೂಡಿ ಮುಂಬಯಿಯಲ್ಲಿ ನಡೆಸಿದ ಯೋಜನೆ ಉಪ್ಲೇಕರ್ ಅವರ ಹಳೆಯ ತೀರ್ಮಾನವನ್ನು ಕೈಗೆತ್ತಿಕೊಂಡಿತು. ಖಾಸಗಿ ದವಾಖಾನೆಯ ವೈದ್ಯರನ್ನು, ಆಯುರ್ವೇದ, ಯುನಾನಿ, ಹೋಮಿಯೋಪತಿ ಪದವೀಧರರನ್ನೂ ಸೇರಿಸಿ, ಜಾಲಕ್ಕೆ ತಂದು, ಅವರ ರೋಗಿಗಳಿಗೆ ಎಕ್ಸ್-ರೇಗೂ, ಬ್ಯಾಕ್ಟೀರಿಯಾವನ್ನೂ ರಿಫಾಂಪಿಸಿನ್ ನಿರೋಧವನ್ನೂ ಕೆಲವೇ ಗಂಟೆಗಳಲ್ಲಿ ಪತ್ತೆಹಚ್ಚುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೂ, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಔಷಧಕ್ಕೂ ಉಚಿತ ಅಥವಾ ರಿಯಾಯಿತಿಯ ಓಚರುಗಳನ್ನು ಕೊಡಲಾಯಿತು. ರೋಗಿ ತನ್ನ ವೈದ್ಯನನ್ನು ಬಿಡಬೇಕಾಗಲಿಲ್ಲ, ವೈದ್ಯರು ತಮ್ಮ ರೋಗಿಯನ್ನು ಕಳೆದುಕೊಳ್ಳಬೇಕಾಗಲಿಲ್ಲ. ಖಾಸಗಿ ವಲಯದಿಂದ ವರದಿಯಾದ ಪ್ರಕರಣಗಳ ಸಂಖ್ಯೆ ಬಹಳವಾಗಿ ಏರಿತು. 2018ರಿಂದ ಇದೇ ಮಾದರಿಯನ್ನು ದೇಶದ ಬೇರೆ ನಗರಗಳಿಗೂ ವಿಸ್ತರಿಸಲಾಯಿತು.

ಕ್ಷಯದ ಚೀಟಿಯನ್ನು ಮೂರು ದಶಕಗಳ ಕಾಲ ಮತ್ತೆ ಮತ್ತೆ ತೆರೆದು ಓದಿದ ಈ ನಗರದಲ್ಲಿ, ಅದೇ ದವಾಖಾನೆಗಳಲ್ಲಿ ದಿನವೂ ಬರೆಯಲಾಗುವ ರಕ್ತದೊತ್ತಡದ, ಮಧುಮೇಹದ, ಮಕ್ಕಳ ಜ್ವರದ ಚೀಟಿಗಳೂ ಅಷ್ಟೇ ಶ್ರದ್ಧೆಯ ಓದನ್ನು ಬೇಡುತ್ತವೆ. ಮುಂಬಯಿಯ ವೈದ್ಯ ಕಾಲೇಜುಗಳು ಮತ್ತು ಪಾಲಿಕೆ ಆ ಕೆಲಸವನ್ನು ದವಾಖಾನೆಯ ವೈದ್ಯರನ್ನು ಪರೀಕ್ಷಾರ್ಥಿಗಳಾಗಿ ಹೊರಗೆ ನಿಲ್ಲಿಸದೆ, ಸಹಸಂಶೋಧಕರಾಗಿ ಒಳಗೆ ಕೂರಿಸಿಕೊಂಡು ಕೈಗೊಳ್ಳಬೇಕು.